ಅಪಘಾತ ತಡೆಯುವ ಕೆಲಸ ಪೊಲೀಸರದ್ದಷ್ಟೇ ಅಲ್ಲ: ಪುಣೆ ಪಾಲಿಕೆಯ ಕೈಯಲ್ಲಿ ಏನೇನಿದೆ?

ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿಗೆ ರಾತ್ರಿ ಬಸ್ಸು ಹಿಡಿಯುವ ಪುಣೆಯ ಕನ್ನಡಿಗರಿಗೆ ಮುಂಬೈ-ಬೆಂಗಳೂರು ಹೆದ್ದಾರಿಯ ನವಲೆ ಸೇತುವೆ ಚೆನ್ನಾಗಿ ಗೊತ್ತು. ಖಾಸಗಿ ಸ್ಲೀಪರ್ ಬಸ್ಸುಗಳು ವಾಕಡ್, ಚಾಂದನಿ ಚೌಕ, ವಾರ್ಜೆ, ನವಲೆ ಸೇತುವೆ, ಕಾತ್ರಜ್ ಎಂದು ಹೆದ್ದಾರಿಯ ಅಂಚಿನಲ್ಲೇ ಜನರನ್ನು ಹತ್ತಿಸಿಕೊಳ್ಳುತ್ತಾ ಹೋಗುತ್ತವೆ. ಬ್ಯಾಗು ಹೊತ್ತು, ನಿದ್ದೆಗಣ್ಣಿನ ಮಕ್ಕಳ ಕೈ ಹಿಡಿದು ಜನ ಕಾಯುವುದು ಲಾರಿಗಳು ಹಾಯುವ ದಾರಿಯ ಬದಿಯಲ್ಲೇ. 2025ರ ನವೆಂಬರ್ 13ರಂದು ನವಲೆ ಸೇತುವೆಯ ಬಳಿಯ ಇಳಿಜಾರಿನಲ್ಲಿ ಕಂಟೇನರ್ ಲಾರಿಯೊಂದು ಹತೋಟಿ ತಪ್ಪಿ ಮುಂದಿದ್ದ ವಾಹನಗಳ ಮೇಲೆ ನುಗ್ಗಿತು. ನಡುವೆ ಸಿಕ್ಕ ಕಾರು ನಜ್ಜುಗುಜ್ಜಾಗಿ ಬೆಂಕಿ ಹೊತ್ತಿಕೊಂಡಿತು. ಎಂಟು ಮಂದಿ ಸತ್ತರು. ಅದಕ್ಕೆ ಮೂರು ವರ್ಷ ಹಿಂದೆ, 2022ರ ನವೆಂಬರ್ 20ರ ರಾತ್ರಿ, ಇಲ್ಲೇ ಲಾರಿಯೊಂದು ಗುದ್ದಿಕೊಂಡು ಹೋಗಿ ಸುಮಾರು 48 ವಾಹನಗಳು ಜಖಂಗೊಂಡಿದ್ದವು.

ಕಾರಣ ಗೂಢವಾದದ್ದಲ್ಲ. ಕಾತ್ರಜ್‌ನ ಹೊಸ ಸುರಂಗದಿಂದ ನವಲೆ ಸೇತುವೆಯವರೆಗೆ ಕಿಲೋಮೀಟರ್‌ಗಟ್ಟಲೆ ಇಳಿಜಾರು. ಡೀಸೆಲ್ ಉಳಿಸಲು ಚಾಲಕರು ಗೇರ್ ನ್ಯೂಟ್ರಲ್‌ಗೆ ಹಾಕುತ್ತಾರೆ. ಆಮೇಲೆ ಪೂರ್ತಿ ಭಾರ ಬ್ರೇಕಿನ ಮೇಲೆ ಬಿದ್ದು ಬ್ರೇಕು ಕಾದು ಕೈಕೊಡುತ್ತದೆ. ಇಳಿಜಾರು ಮುಗಿಯುವ ಹೊತ್ತಿಗೆ ಊರಿನ ವಾಹನ ದಟ್ಟಣೆ ಎದುರಾಗುತ್ತದೆ. 2025ರ ದುರಂತದ ಬೆನ್ನಿಗೇ ಪೊಲೀಸರು ಇಲ್ಲಿನ ವೇಗಮಿತಿಯನ್ನು 60 ಕಿ.ಮೀ.ನಿಂದ 30 ಕಿ.ಮೀ.ಗೆ ಇಳಿಸಿದರು.

ಇಂಥ ಪ್ರತಿ ದುರಂತದ ನಂತರ ಒಂದು ಮಾತು ಕೇಳಿಬರುತ್ತದೆ: ಅದು ರಾಷ್ಟ್ರೀಯ ಹೆದ್ದಾರಿ, ಪಾಲಿಕೆಗೂ ಅದಕ್ಕೂ ಸಂಬಂಧವಿಲ್ಲ. ಕಾಗದದ ಮೇಲೆ ಇದು ಸರಿ. ಆ ರಸ್ತೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ಆದರೆ ಸರ್ವಿಸ್ ರಸ್ತೆ ಅಲ್ಲಲ್ಲಿ ತುಂಡಾಗಿರುವುದರಿಂದ ಹಾಲು ತರಲು, ಮಕ್ಕಳನ್ನು ಶಾಲೆಗೆ ಬಿಡಲು ಹೊರಟ ಸ್ಕೂಟರಿನವರೂ ಹೆದ್ದಾರಿಗೇ ಇಳಿಯಬೇಕಾಗುತ್ತದೆ. ಸರ್ವಿಸ್ ರಸ್ತೆಗೆ ಬೇಕಾದ ಜಾಗ ಬಿಡಿಸಿಕೊಡುವುದು, ಒತ್ತುವರಿ ತೆಗೆಸುವುದು, ಅದಕ್ಕೆ ಸೇರುವ ಒಳರಸ್ತೆಗಳಿಗೆ ದೀಪ ಹಾಕಿಸುವುದು, ಅಕ್ಕಪಕ್ಕದ ಅಪಾರ್ಟ್‌ಮೆಂಟುಗಳ ನಕಾಶೆಗೆ ಮಂಜೂರಾತಿ ಕೊಡುವುದು, ಇವೆಲ್ಲ ಪುಣೆ ಮಹಾನಗರಪಾಲಿಕೆಯ ಮೇಜಿನ ಮೇಲೆ ಬರುವ ಕಡತಗಳೇ. ಹೆದ್ದಾರಿಯ ಸಾವಿಗೂ ಪಾಲಿಕೆಯ ಕಡತಕ್ಕೂ ನಂಟಿದೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಗಮನಿಸುವುದಿಲ್ಲ.

ಕಾನೂನು ಏನು ಹೇಳುತ್ತದೆ

1992ರ 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ ವಿಷಯಗಳ ಪಟ್ಟಿಯಿದೆ. ರಸ್ತೆ ಮತ್ತು ಸೇತುವೆ, ಬೀದಿದೀಪ, ಪಾರ್ಕಿಂಗ್, ಬಸ್ ನಿಲ್ದಾಣ ಎಲ್ಲವೂ ಅದರಲ್ಲಿವೆ. ಪುಣೆಗೆ ಅನ್ವಯಿಸುವ 1949ರ ಮಹಾರಾಷ್ಟ್ರ ಮಹಾನಗರಪಾಲಿಕೆ ಕಾಯ್ದೆಯೂ ಸಾರ್ವಜನಿಕ ರಸ್ತೆ ಕಟ್ಟುವುದು, ಕಾಪಾಡುವುದು, ದೀಪ ಬೆಳಗಿಸುವುದನ್ನು ಪಾಲಿಕೆಯ ಕಡ್ಡಾಯ ಕರ್ತವ್ಯವೆಂದೇ ಎಣಿಸುತ್ತದೆ. ದುಡ್ಡಿದ್ದರೆ ಮಾಡೋಣ ಎನ್ನುವ ಐಚ್ಛಿಕ ಕೆಲಸ ಇದಲ್ಲ.

ಸಂಚಾರ ಪೊಲೀಸರು ಮಾತ್ರ ರಾಜ್ಯದ ಗೃಹ ಇಲಾಖೆಗೆ ಸೇರಿದವರು. ಲೈಸೆನ್ಸು, ವಾಹನ ತಪಾಸಣೆ ಆರ್‌ಟಿಒ ಕೆಲಸ. ಬಸ್ಸು ಓಡಿಸುವುದು ಪಿಎಂಪಿಎಂಎಲ್. ಪುಣೆ ಮತ್ತು ಪಿಂಪ್ರಿ-ಚಿಂಚ್‌ವಡ್ ಪಾಲಿಕೆಗಳ ಸಾರಿಗೆ ಸಂಸ್ಥೆಗಳನ್ನು ಒಂದುಗೂಡಿಸಿ 2007ರಲ್ಲಿ ಮಾಡಿದ ಕಂಪನಿ ಅದು. ಮೆಟ್ರೋ ಕಂಬಗಳಿಗೆ ರಸ್ತೆ ಅಗೆಯುವವರು ಒಂದು ಕಡೆ ಮಹಾಮೆಟ್ರೋ ಕಂಪನಿ, ಇನ್ನೊಂದು ಕಡೆ ಪುಣೆ ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರ, ಅಂದರೆ ಪಿಎಂಆರ್‌ಡಿಎ. ಕೆಲವು ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಹೀಗಾಗಿ ಒಂದೇ ಚೌಕದಲ್ಲಿ ಸಿಗ್ನಲ್ ಕಂಬ ನಿಲ್ಲಿಸುವವರು ಒಬ್ಬರು, ಅದರ ಕೆಳಗೆ ನಿಂತು ವಾಹನ ತಡೆಯುವವರು ಇನ್ನೊಬ್ಬರು, ಬಸ್ ಸ್ಟಾಪ್ ಎಲ್ಲಿರಬೇಕೆಂದು ಹೇಳುವವರು ಮತ್ತೊಬ್ಬರು. ಯಾರಾದರೂ ಸತ್ತರೆ ಪತ್ರಗಳು ಓಡಾಡುತ್ತವೆ.

ಇವರೆಲ್ಲರನ್ನು ಒಂದೆಡೆ ಕೂರಿಸಲು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಎಂಬುದೊಂದಿದೆ. ಮೋಟಾರು ವಾಹನ ಕಾಯ್ದೆಯಲ್ಲೇ ಅದಕ್ಕೆ ಅವಕಾಶವಿದೆ. ಅಪಘಾತ ಹೆಚ್ಚಾಗುವ ಜಾಗಗಳ ಪಟ್ಟಿ ಚರ್ಚೆಯಾಗುವುದು ಅಲ್ಲಿ. ಈ ಜಾಗಗಳಿಗೆ ಬ್ಲ್ಯಾಕ್ ಸ್ಪಾಟ್ ಎನ್ನುತ್ತಾರೆ. ರಾಷ್ಟ್ರೀಯ ಹೆದ್ದಾರಿಗಳಿಗೆ ಕೇಂದ್ರ ಕೊಟ್ಟಿರುವ ವ್ಯಾಖ್ಯೆ ಹೀಗಿದೆ: ಸುಮಾರು 500 ಮೀಟರ್ ಉದ್ದದ ತುಣುಕಿನಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ಗಂಭೀರ ಗಾಯದ 5 ಅಪಘಾತ ಆಗಿರಬೇಕು, ಇಲ್ಲವೇ 10 ಜನ ಸತ್ತಿರಬೇಕು. ಅಂದರೆ ಒಂದು ಚೌಕ ಪಟ್ಟಿಗೆ ಸೇರಬೇಕಾದರೆ ಮೊದಲು ಅಲ್ಲಿ ರಕ್ತ ಹರಿದಿರಬೇಕು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು ಇದು. ಅಪಘಾತ ಆಗುವ ಮೊದಲೇ ಅದನ್ನು ತಡೆಯಬಲ್ಲ ಸಂಸ್ಥೆ ಇವುಗಳ ಪೈಕಿ ಒಂದೇ, ಬೀದಿಯನ್ನು ಚಿತ್ರಿಸಿ ಕಟ್ಟುವ ಪಾಲಿಕೆ. ಪೊಲೀಸ್ ದಂಡ ಹಾಕುವುದು ತಪ್ಪು ನಡೆದ ಮೇಲೆ. ತಪ್ಪು ಮಾಡುವುದಕ್ಕೇ ಕಷ್ಟವಾಗುವಂತೆ ರಸ್ತೆ ಕಟ್ಟುವುದು ಎಂಜಿನಿಯರನ ಕೆಲಸ.

ವೇಗ ತಗ್ಗಿಸುವುದು ಬೋರ್ಡಿನಿಂದ ಆಗದು

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವು ತರುವ ಅಪಘಾತದ ಸಂಭವ ಶೇ 4ರಷ್ಟು ಏರುತ್ತದೆ. ಕಾರಿನ ಮುಂಭಾಗ ಬಡಿದ ಪಾದಚಾರಿ ಸಾಯುವ ಸಂಭವ 50 ಕಿ.ಮೀ. ವೇಗಕ್ಕಿಂತ 65 ಕಿ.ಮೀ. ವೇಗದಲ್ಲಿ ನಾಲ್ಕೂವರೆ ಪಟ್ಟು. ಚಾಲಕನಿಗೆ ಈ ಹದಿನೈದು ಕಿ.ಮೀ. ವ್ಯತ್ಯಾಸ ಅರಿವಿಗೇ ಬರುವುದಿಲ್ಲ. ರಸ್ತೆ ಅಗಲವಾಗಿ, ನೆಟ್ಟಗೆ, ಖಾಲಿಯಾಗಿ ಕಂಡರೆ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. 30 ಎಂದು ಬರೆದ ಬೋರ್ಡು ಪಕ್ಕದಲ್ಲಿದ್ದರೂ ಅಷ್ಟೆ.

ಹಾಗಾಗಿ ವೇಗ ತಗ್ಗಿಸಲು ರಸ್ತೆಯ ಆಕಾರವೇ ಬದಲಾಗಬೇಕು. ಚೌಕದಲ್ಲಿ ಎಡಕ್ಕೆ ತಿರುಗುವ ಮೂಲೆಯನ್ನು ತೆಗೆದುಕೊಳ್ಳಿ. ಆ ಮೂಲೆ ದೊಡ್ಡ ಬಾಗಾಗಿದ್ದರೆ ವಾಹನ ವೇಗ ತಗ್ಗಿಸದೆ ತಿರುಗುತ್ತದೆ. ಅಲ್ಲೇ ರಸ್ತೆ ದಾಟುವ ಮುದುಕಿಗೆ ಹಿಂದಿನಿಂದ ಬಂದದ್ದು ಕಾಣುವುದಿಲ್ಲ. ಫುಟ್‌ಪಾತನ್ನು ಮೂಲೆಯಲ್ಲಿ ಕೊಂಚ ಮುಂದೆ ಚಾಚಿ ಬಾಗನ್ನು ಬಿಗಿ ಮಾಡಿದರೆ ವಾಹನ ನಿಧಾನಿಸಲೇಬೇಕು, ದಾಟುವ ದೂರವೂ ಕಡಿಮೆಯಾಗುತ್ತದೆ. ನಾಲ್ಕು ಲೇನಿನ ರಸ್ತೆಯ ನಡುವೆ ನಿಂತು ಉಸಿರೆಳೆಯಲು ಒಂದು ಕಟ್ಟೆ ಇದ್ದರೆ ಒಮ್ಮೆಗೆ ಒಂದೇ ದಿಕ್ಕಿನ ವಾಹನ ನೋಡಿಕೊಂಡರೆ ಸಾಕು. ಝೀಬ್ರಾ ಪಟ್ಟೆಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತಿ ಕಟ್ಟಿದರೆ ವಾಹನ ಹತ್ತಿ ಇಳಿಯಬೇಕಾಗುತ್ತದೆ, ನಡೆಯುವವರು ಸಮತಟ್ಟಾಗಿ ದಾಟುತ್ತಾರೆ. ಇವು ಕೋಟಿಗಟ್ಟಲೆ ಕೇಳುವ ಮೇಲ್ಸೇತುವೆಗಳಲ್ಲ. ಕಲ್ಲು, ಸಿಮೆಂಟು, ಬಣ್ಣ ಮತ್ತು ಸರಿಯಾದ ಒಂದು ನಕಾಶೆ ಸಾಕು.

ಹಂಪಿನ ಮಾತನ್ನೂ ಇಲ್ಲೇ ಆಡಬೇಕು. ಅಪಘಾತ ನಡೆದ ಮರುದಿನ ಬೀದಿಯ ಜನ ನಗರಸೇವಕರ (ಪಾಲಿಕೆ ಸದಸ್ಯರ) ಬಳಿ ಕೇಳುವ ಮೊದಲ ವಸ್ತು ಹಂಪು, ಬೇಗ ಸಿಗುವುದೂ ಅದೇ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇದಕ್ಕೂ ಅಳತೆ ಕೊಟ್ಟಿದೆ: 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ, ಮೆಲ್ಲಗೆ ಏರಿ ಇಳಿಯುವ ಬೆನ್ನು, ಮುಂಚೆಯೇ ಎಚ್ಚರಿಸುವ ಬೋರ್ಡು, ಕಾಣುವಂಥ ಬಿಳಿ ಪಟ್ಟೆ. ಬೀದಿಗಳಲ್ಲಿ ನಮಗೆ ಎದುರಾಗುವುದು ಡಾಂಬರು ಸುರಿದು ಎಬ್ಬಿಸಿದ ಗೂನು, ಇಲ್ಲವೇ ಬೋಲ್ಟು ಕಿತ್ತು ನಿಂತ ಪ್ಲಾಸ್ಟಿಕ್ ತುಂಡು. ಮಳೆಯ ರಾತ್ರಿ ದೀಪ ಕೆಟ್ಟ ಬೀದಿಯಲ್ಲಿ ಇಂಥ ಹಂಪು ಸ್ಕೂಟರಿನವರನ್ನು ತಾನೇ ಕೆಡವುತ್ತದೆ. ಹಂಪು ಬೇಡವೆಂದು ನಾನು ಹೇಳುತ್ತಿಲ್ಲ. ಶಾಲೆ, ಆಸ್ಪತ್ರೆಯ ಮುಂದೆ ಬೇಕೇ ಬೇಕು. ಕೇಳುವಾಗ ಅಳತೆಯೊಡನೆ ಕೇಳಬೇಕು.

ನಡೆಯುವವರು ಯಾರು

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44ಕ್ಕೂ ಹೆಚ್ಚು ದ್ವಿಚಕ್ರ ವಾಹನದವರು, ಶೇ 19ಕ್ಕೂ ಹೆಚ್ಚು ಪಾದಚಾರಿಗಳು. ಪುಣೆ ನಗರದಲ್ಲೇ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಮುನ್ನೂರಕ್ಕೂ ಹೆಚ್ಚು ಜೀವ ಹೋಗಿವೆ. 2024ರ ಮೇ 19ರ ನಸುಕಿನಲ್ಲಿ ಕಲ್ಯಾಣಿನಗರದಲ್ಲಿ ಅಪ್ರಾಪ್ತ ಹುಡುಗ ಓಡಿಸಿದ ಪೋರ್ಷೆ ಕಾರು ಇಬ್ಬರು ಐಟಿ ಉದ್ಯೋಗಿಗಳನ್ನು ಕೊಂದಾಗ ದೇಶವೇ ಮಾತನಾಡಿತು, ಮಾತನಾಡಲೇಬೇಕಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ವಾಘೋಲಿಯಲ್ಲಿ ಫುಟ್‌ಪಾತಿನ ಮೇಲೆ ಮಲಗಿದ್ದ ಕೂಲಿ ಕುಟುಂಬಗಳ ಮೇಲೆ ಡಂಪರ್ ಹರಿದು ಮೂವರು ಸತ್ತರು, ಅವರಲ್ಲಿ ಇಬ್ಬರು ಹಸುಗೂಸುಗಳು. ಆ ಸುದ್ದಿ ಕೆಲವೇ ದಿನಗಳಲ್ಲಿ ಪತ್ರಿಕೆಗಳ ಮೊದಲ ಪುಟದಿಂದ ಇಳಿದುಹೋಯಿತು.

ಪುಣೆಯ ಕನ್ನಡಿಗರೆಂದರೆ ಹೋಟೆಲು ನಡೆಸುವವರು, ಬ್ಯಾಂಕಿನವರು, ಹಿಂಜವಡಿಯ ಸಾಫ್ಟ್‌ವೇರಿನವರು ಮಾತ್ರವಲ್ಲ. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಇಲ್ಲಿವೆ. ಕೂಲಿಯವರು ಕೆಲಸಕ್ಕಾಗಿ ಕಾದು ನಿಲ್ಲುವ ವಾರ್ಜೆಯ ಮಜೂರ್ ಅಡ್ಡಾದಲ್ಲಿ ಬೆಳಿಗ್ಗೆ ನಿಂತರೆ ನಮ್ಮ ಮಾತು ಕಿವಿಗೆ ಬೀಳುತ್ತದೆ. ಬುಟ್ಟಿ, ಸಲಿಕೆ ಹಿಡಿದು ಹೊರಟ ಅವರಿಗೆ ಕಾರೂ ಇಲ್ಲ, ಬೈಕೂ ಇಲ್ಲ. ಅಡ್ಡಾಕ್ಕೆ ಹೋಗುವುದು ನಡೆದೇ, ಟೆಂಪೋ ಹತ್ತಲು ರಸ್ತೆ ದಾಟುವುದು ನಡೆದೇ, ಕತ್ತಲಾದ ಮೇಲೆ ಶೆಡ್ಡಿಗೆ ಮರಳುವುದೂ ನಡೆದೇ. ಪಾಲಿಕೆ ಫುಟ್‌ಪಾತ್ ಕಟ್ಟದಿದ್ದರೆ ಮೊದಲು ಜೀವಕ್ಕೆ ಕುತ್ತು ಬರುವುದು ಇವರಿಗೆ. ಅಡ್ಡಾದ ಮುಂದೆ ಒಂದು ದಾಟುಪಟ್ಟೆ ಬೇಕೆಂದು ಅರ್ಜಿ ಬರೆಯುವ ಪುರುಸೊತ್ತೂ ಇವರಿಗಿಲ್ಲ. ಹೆಚ್ಚಿನವರ ಹೆಸರು ಮತದಾರರ ಪಟ್ಟಿಯಲ್ಲಿರುವುದು ಊರಿನಲ್ಲೇ.

ವಿಚಿತ್ರವೆಂದರೆ ಕಾಗದದ ಮೇಲೆ ಪುಣೆ ಈ ವಿಷಯದಲ್ಲಿ ಬಹಳ ಮುಂದಿದೆ. 2016ರಲ್ಲೇ ಪಾಲಿಕೆ ಪಾದಚಾರಿ ನೀತಿಯನ್ನು ಅಂಗೀಕರಿಸಿತು, ನಗರದ ಬೀದಿಗಳನ್ನು ಹೇಗೆ ವಿನ್ಯಾಸ ಮಾಡಬೇಕೆಂಬ ಮಾರ್ಗಸೂಚಿಯನ್ನೂ ತಂದಿತು. ಜಂಗ್ಲಿ ಮಹಾರಾಜ ರಸ್ತೆಯಲ್ಲಿ ಅದನ್ನು ಮಾಡಿಯೂ ತೋರಿಸಿತು. ಅಲ್ಲಿನ ಅಗಲವಾದ ಫುಟ್‌ಪಾತಿನಲ್ಲಿ ಅಜ್ಜ ಅಜ್ಜಿಯರು ಕೂರುತ್ತಾರೆ, ಮಕ್ಕಳು ಆಡುತ್ತವೆ. ಅಂದರೆ ಹೇಗೆ ಕಟ್ಟಬೇಕೆಂಬುದು ಪಾಲಿಕೆಯ ಎಂಜಿನಿಯರುಗಳಿಗೆ ಚೆನ್ನಾಗಿ ಗೊತ್ತು. ಆ ತಿಳಿವಳಿಕೆ ಹೋಟೆಲು, ಅಂಗಡಿಗಳ ಹೊಳಪಿನ ರಸ್ತೆ ದಾಟಿ ಊರಂಚಿನ ಕಾತ್ರಜ್, ಧಾಯರಿ, ನರ್ಹೆ, ವಾಘೋಲಿಗೆ ಬರಬೇಕಾದಷ್ಟು ಬಂದಿಲ್ಲ. ಅಲ್ಲಿ ಫುಟ್‌ಪಾತ್ ಇದ್ದರೂ ಅದರ ಮೇಲೆ ವಿದ್ಯುತ್ ಡಬ್ಬಿ, ಕಿತ್ತ ಪೇವರ್ ಬ್ಲಾಕ್, ನಿಲ್ಲಿಸಿದ ಬೈಕು. ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಇರಬೇಕು, ಎತ್ತರ 15 ಸೆಂ.ಮೀ. ಮೀರಬಾರದು ಎನ್ನುತ್ತದೆ ಮಾನದಂಡ. ಮಂಡಿನೋವಿರುವವರು ಹತ್ತಲಾರದಷ್ಟು ಎತ್ತರದ ಫುಟ್‌ಪಾತ್ ಇದ್ದೂ ಇಲ್ಲದಂತೆಯೇ. ಅವರು ರಸ್ತೆಗೇ ಇಳಿಯುತ್ತಾರೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅಡೆತಡೆಯಿಲ್ಲದ ಫುಟ್‌ಪಾತ್ ಪಾದಚಾರಿಯ ಹಕ್ಕು, ಅದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಅರ್ಜಿ ಬರೆಯುವಾಗ ಈ ಒಂದು ಸಾಲು ಸೇರಿಸುವುದು ಒಳ್ಳೆಯದು.

ಬೀದಿ ವ್ಯಾಪಾರಿಗಳನ್ನು ಎಬ್ಬಿಸಿದರೆ ಫುಟ್‌ಪಾತ್ ಸರಿಯಾಗುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೂ ಜಾಗ ಗುರುತಿಸಿ ಕೊಡಬೇಕೆನ್ನುತ್ತದೆ. ಅಗಲವಾದ ಫುಟ್‌ಪಾತಿನಲ್ಲಿ ಇಬ್ಬರಿಗೂ ಎಡೆಯಿರುತ್ತದೆ, ದೀಪ ಹಚ್ಚಿಕೊಂಡು ಕೂತ ವ್ಯಾಪಾರಿಯಿಂದ ಕತ್ತಲ ಬೀದಿಯಲ್ಲಿ ನಡೆವ ಹೆಂಗಸರಿಗೆ ಧೈರ್ಯವೂ ಬರುತ್ತದೆ.

ಅಗೆತ, ಜಾಗ, ಅರ್ಧಕ್ಕೆ ನಿಂತ ಕೆಲಸ

ರಸ್ತೆ ಕೆಡುವುದು ಮಳೆಯಿಂದ ಎನ್ನುತ್ತಾರೆ. ಮಳೆಗೆ ಮೊದಲು ನಡೆದ ಅಗೆತವನ್ನು ನೋಡಿ. ನೀರಿನ ಪೈಪು, ಡ್ರೈನೇಜು, ವಿದ್ಯುತ್ ಕೇಬಲ್, ಗ್ಯಾಸ್, ಇಂಟರ್‌ನೆಟ್, ಒಬ್ಬರು ಮುಚ್ಚಿ ಹೋದ ಮೇಲೆ ಇನ್ನೊಬ್ಬರು ಅಗೆಯುತ್ತಾರೆ. ಅಗೆಯಲು ಅನುಮತಿ ಕೊಡುವುದು, ಅದಕ್ಕೆ ಹಣ ಕಟ್ಟಿಸಿಕೊಳ್ಳುವುದು, ಮುಚ್ಚಿದ್ದನ್ನು ತಪಾಸಣೆ ಮಾಡುವುದು ರಸ್ತೆ ನೋಡಿಕೊಳ್ಳುವ ಪಾಲಿಕೆಯ ಪಥ ವಿಭಾಗದ ಹೊಣೆ. ಮಣ್ಣನ್ನು ಪದರ ಪದರವಾಗಿ ಗಟ್ಟಿ ಮಾಡದೆ ಮೇಲೊಂದು ಡಾಂಬರಿನ ತೇಪೆ ಹಾಕಿದರೆ ಮೊದಲ ಮಳೆಗೇ ಅದು ಕುಸಿಯುತ್ತದೆ. ಡ್ರೈನೇಜ್ ಚೇಂಬರಿನ ಮುಚ್ಚಳ ರಸ್ತೆಯ ಮಟ್ಟಕ್ಕಿಂತ ಮೇಲೋ ಕೆಳಗೋ ಉಳಿದರೂ ಬೈಕಿನವರಿಗೆ ಅದು ಗುಂಡಿಯೇ. ಹೊಸ ರಸ್ತೆಗೆ ಗುತ್ತಿಗೆದಾರ ಇಂತಿಷ್ಟು ವರ್ಷ ಹೊಣೆ ಎಂದು ಒಪ್ಪಂದದಲ್ಲೇ ಇರುತ್ತದೆ, ಇದನ್ನು ಡಿಎಲ್‌ಪಿ ಎನ್ನುತ್ತಾರೆ. ಆ ಅವಧಿಯಲ್ಲಿ ಕೆಟ್ಟರೆ ಅವನೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಅವಧಿಯ ನಡುವೆ ಬೇರೆಯವರಿಗೆ ಅಗೆಯಲು ಅನುಮತಿ ಕೊಟ್ಟರೆ ಆ ಹೊಣೆ ಸಡಿಲವಾಗುತ್ತದೆ. ಗುತ್ತಿಗೆದಾರ ನಾನಲ್ಲ ಎನ್ನುತ್ತಾನೆ, ಕೇಬಲ್ಲಿನವರು ನಾವು ಹಣ ಕಟ್ಟಿದ್ದೇವೆ ಎನ್ನುತ್ತಾರೆ.

ಬಾಂಬೆ ಹೈಕೋರ್ಟು 2025ರ ಅಕ್ಟೋಬರ್‌ನಲ್ಲಿ ಕೊಟ್ಟ ಆದೇಶದಿಂದ ಈ ನುಣುಚಾಟಕ್ಕೆ ಬೆಲೆ ಕಟ್ಟಿದಂತಾಗಿದೆ. ರಸ್ತೆ ಗುಂಡಿಯಿಂದಲೋ ತೆರೆದ ಮ್ಯಾನ್‌ಹೋಲ್‌ನಿಂದಲೋ ಸತ್ತವರ ವಾರಸುದಾರರಿಗೆ 6 ಲಕ್ಷ ರೂಪಾಯಿ, ಗಾಯಗೊಂಡವರಿಗೆ ಗಾಯದ ತೀವ್ರತೆ ನೋಡಿ 50 ಸಾವಿರದಿಂದ 2.5 ಲಕ್ಷದವರೆಗೆ ಪರಿಹಾರ. ಪಾಲಿಕೆಯ ಆಯುಕ್ತರು ಮತ್ತು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ ಇರುವ ಸಮಿತಿ ಅದನ್ನು ತೀರ್ಮಾನಿಸಬೇಕು, ಹಣವನ್ನು ತಪ್ಪಿತಸ್ಥರಿಂದ ವಸೂಲು ಮಾಡಬೇಕು. ಇದಲ್ಲದೆ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಕಲಮಿನ ಪ್ರಕಾರ, ಸುರಕ್ಷತಾ ಮಾನದಂಡ ಪಾಲಿಸದೆ ರಸ್ತೆ ವಿನ್ಯಾಸ ಮಾಡಿದ, ಕಟ್ಟಿದ ಅಥವಾ ನಿರ್ವಹಿಸಿದ ಪ್ರಾಧಿಕಾರಕ್ಕೆ, ಗುತ್ತಿಗೆದಾರನಿಗೆ, ಸಲಹೆಗಾರನಿಗೆ 1 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಅಪಘಾತವಾದಾಗ ಬಿದ್ದವನದ್ದೇ ತಪ್ಪು ಎಂದು ಬರೆದುಕೊಂಡು ಮುಗಿಸದೆ ರಸ್ತೆಯ ತಪ್ಪನ್ನೂ ದಾಖಲಿಸಿದರೆ ಮಾತ್ರ ಈ ಕಲಮಿಗೆ ಬಲ.

ಜಾಗದ ಸಮಸ್ಯೆ ಇನ್ನೂ ಆಳದ್ದು. ಕಾತ್ರಜ್-ಕೊಂಢವಾ ರಸ್ತೆ ಇದಕ್ಕೆ ಕಣ್ಣೆದುರಿನ ಸಾಕ್ಷಿ. ಸಾತಾರಾ ಕಡೆಯಿಂದ ಸೋಲಾಪುರ ಕಡೆಗೆ ಹೋಗುವ ಭಾರಿ ಲಾರಿಗಳು ಈ ರಸ್ತೆಯಲ್ಲಿ ಹಾಯುತ್ತವೆ, ಅದೇ ರಸ್ತೆಯಲ್ಲಿ ಶಾಲೆ, ಸೊಸೈಟಿ, ಅಂಗಡಿಗಳೂ ಇವೆ. 84 ಮೀಟರ್ ಅಗಲ ಮಾಡುವ ಯೋಜನೆಗೆ 2018ರಲ್ಲಿ ಚಾಲನೆ ಸಿಕ್ಕಿತು. ಜಾಗದ ಬೆಲೆ ಪಾಲಿಕೆಯ ಕೈಗೆ ಎಟುಕದೆ ಅದನ್ನು 50 ಮೀಟರಿಗೆ ಇಳಿಸಲಾಯಿತು, ಆದರೂ ಕೆಲಸ ವರ್ಷಗಟ್ಟಲೆ ತೆವಳಿತು. ಪಾಲಿಕೆ ಜಾಗಕ್ಕೆ ಪ್ರತಿಯಾಗಿ ಬೇರೆಡೆ ಹೆಚ್ಚು ಕಟ್ಟಿಕೊಳ್ಳುವ ಹಕ್ಕು, ಅಂದರೆ ಟಿಡಿಆರ್ ಕೊಡುತ್ತೇನೆನ್ನುತ್ತದೆ, ಮಾಲೀಕರು ನಗದು ಕೇಳುತ್ತಾರೆ. ತುಂಡು ತುಂಡಾಗಿ ಅಗಲಗೊಂಡ ರಸ್ತೆ ಒಂದೆಡೆ ಹಿಗ್ಗಿ ಇನ್ನೊಂದೆಡೆ ದಿಢೀರನೆ ಕುಗ್ಗುತ್ತದೆ. ಲಾರಿಗಳು ಒಂದರೊಳಗೊಂದು ನುಗ್ಗುವುದು ಆ ಕುಗ್ಗಿದ ಬಾಯಲ್ಲಿ. ಪೂರ್ತಿ ಅಗಲವಾಗುವವರೆಗೆ ಕಾಯದೆ ಇರುವ ಅಗಲದಲ್ಲೇ ಫುಟ್‌ಪಾತ್, ದಾಟುಪಟ್ಟೆ, ದೀಪ ಮೊದಲು ಕೊಡಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಬಸ್ಸಿಗೇ ಮೀಸಲಾದ ಪಥ, ಅಂದರೆ ಬಿಆರ್‌ಟಿಯದ್ದೂ ಇದೇ ಪಾಡು. 2006ರ ಡಿಸೆಂಬರಿನಲ್ಲಿ ಕಾತ್ರಜ್-ಸ್ವಾರಗೇಟ್ ನಡುವೆ ಶುರುವಾದದ್ದು ದೇಶದ ಮೊದಲ ಬಿಆರ್‌ಟಿ ಪ್ರಯೋಗ. ಬಸ್ಸಿಗೆ ರಸ್ತೆಯ ನಡುವೆ ದಾರಿ ಕೊಟ್ಟರು. ಆ ನಡುವಿಗೆ ಪ್ರಯಾಣಿಕರು ಸುರಕ್ಷಿತವಾಗಿ ಹೋಗುವ ದಾರಿ ಮಾತ್ರ ಸರಿಯಾಗಿ ಆಗಲಿಲ್ಲ. ನಂತರ 2015ರಿಂದ ಬಂದ ರೇನ್‌ಬೋ ಬಿಆರ್‌ಟಿಯಲ್ಲಿ ನಿಲ್ದಾಣಗಳು ಸುಧಾರಿಸಿದವು. ಹಾಗಿದ್ದೂ ಅಹಮದ್‌ನಗರದ ಕಡೆಗೆ ಹೋಗುವ ‘ನಗರ್ ರಸ್ತೆ’ಯ ಬಿಆರ್‌ಟಿಯ ಭಾಗಗಳನ್ನು ಆಮೇಲೆ ಕಿತ್ತು ಹಾಕಿದರು. ತುಂಬಿದ ಒಂದು ಬಸ್ಸು ಹತ್ತಾರು ಬೈಕುಗಳನ್ನು ರಸ್ತೆಯಿಂದ ಇಳಿಸುತ್ತದೆ. ಬಸ್ಸಿನ ದಾರಿ ಕೀಳುವಾಗ ಆ ಬೈಕುಗಳು ಮತ್ತೆ ರಸ್ತೆಗೆ ಬರುತ್ತವೆ ಎಂಬುದನ್ನು ಯಾರೂ ಸುರಕ್ಷತೆಯ ಲೆಕ್ಕದಲ್ಲಿ ಬರೆಯಲಿಲ್ಲ.

ಪಾಲಿಕೆಯೇ ಇಲ್ಲದ ಕಡೆ

ಹಿಂಜವಡಿಯಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ ಇನ್ನೊಂದು ತೊಡಕು. ಲಕ್ಷಾಂತರ ಜನ ದುಡಿಯುವ ಆ ಐಟಿ ಪಾರ್ಕು ಬೆಳೆದದ್ದು ಗ್ರಾಮ ಪಂಚಾಯಿತಿಯ ಸೀಮೆಯಲ್ಲಿ. ಕೆಲವು ರಸ್ತೆಗಳು ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮವಾದ ಎಂಐಡಿಸಿಯವು, ಕೆಲವು ಪಿಎಂಆರ್‌ಡಿಎಯವು. ಪಕ್ಕದಲ್ಲೇ ಪಿಂಪ್ರಿ-ಚಿಂಚ್‌ವಡ್ ಪಾಲಿಕೆಯ ಗಡಿ. ಕಾಂಕ್ರೀಟ್ ಮಿಕ್ಸರ್ ಲಾರಿಗಳು ಸ್ಕೂಟರುಗಳ ಪಕ್ಕದಲ್ಲೇ ಉಜ್ಜಿಕೊಂಡು ಹೋಗುವ ಇಲ್ಲಿ ಫುಟ್‌ಪಾತ್ ಬೇಕೆಂದರೆ ಯಾವ ಕಚೇರಿಗೆ ಹೋಗಬೇಕೆಂಬುದೇ ಮೊದಲ ಪ್ರಶ್ನೆ. ಇತ್ತ ಪುಣೆ ಪಾಲಿಕೆ 2017ರಲ್ಲಿ 11, 2021ರಲ್ಲಿ 23 ಹಳ್ಳಿಗಳನ್ನು ತನ್ನೊಳಗೆ ಸೇರಿಸಿಕೊಂಡಿತು. ನರ್ಹೆ, ವಾಘೋಲಿ ಎರಡೂ 2021ರ ಪಟ್ಟಿಯವು. ಎತ್ತಿನಗಾಡಿ ಅಗಲದ ರಸ್ತೆಗಳ ಬದಿಯಲ್ಲಿ ಬಹುಮಹಡಿ ಕಟ್ಟಡಗಳು ಎದ್ದು ನಿಂತ ಮೇಲೆ ಬಂದ ಪಾಲಿಕೆಗೆ ಅಲ್ಲಿ ಫುಟ್‌ಪಾತಿಗೂ ಜಾಗ ಉಳಿದಿರಲಿಲ್ಲ.

ಇದರ ಮೇಲೆ 2022ರ ಮಾರ್ಚ್‌ನಲ್ಲಿ ಪುಣೆ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದು, ಸುಮಾರು ನಾಲ್ಕು ವರ್ಷ ಆಯುಕ್ತರೇ ಆಡಳಿತಾಧಿಕಾರಿಯಾಗಿದ್ದರು. ಟೆಂಡರು, ಅಂದಾಜುಪತ್ರ (ಬಜೆಟ್) ಎಲ್ಲವೂ ಅಧಿಕಾರಿಗಳ ಮಟ್ಟದಲ್ಲೇ ಆದವು. 2026ರ ಜನವರಿ 15ರಂದು ಚುನಾವಣೆ ನಡೆಯಿತು. 41 ಪ್ರಭಾಗ (ವಾರ್ಡು), 165 ಸ್ಥಾನ. ಹೆಚ್ಚಿನ ಪ್ರಭಾಗಗಳಿಗೆ ನಾಲ್ಕು ನಗರಸೇವಕರು. ಚೌಕದ ಸಿಗ್ನಲ್ ಕೆಟ್ಟರೆ ನಾಲ್ವರಲ್ಲಿ ಯಾರನ್ನು ಕೇಳುವುದು? ನಾಲ್ವರಿಗೂ ಒಂದೇ ಅರ್ಜಿಯ ಪ್ರತಿ ಕೊಟ್ಟು, ನಾಲ್ವರಿಂದಲೂ ಸಹಿ ಪಡೆದು, ಪ್ರಭಾಗದ ಕ್ಷೇತ್ರೀಯ ಕಾರ್ಯಾಲಯದಲ್ಲಿ (ವಾರ್ಡ್ ಕಚೇರಿಯಲ್ಲಿ) ಆವಕ ಸಂಖ್ಯೆ, ಅಂದರೆ ಅರ್ಜಿ ಬಂದದ್ದಕ್ಕೆ ನೋಂದಣಿ ಸಂಖ್ಯೆ ಹಾಕಿಸಿಕೊಳ್ಳುವುದೇ ದಾರಿ.

ಪುಣೆಯಲ್ಲಿ ಬಹಳ ಜನ ಬಳಸದ ಇನ್ನೊಂದು ಬಾಗಿಲೂ ಇದೆ. 2006ರಿಂದ ಇಲ್ಲಿನ ಪಾಲಿಕೆ ಅಂದಾಜುಪತ್ರಕ್ಕೆ ನಾಗರಿಕರ ಸಲಹೆ ಪಡೆಯುವ ಪದ್ಧತಿ ಇಟ್ಟುಕೊಂಡಿದೆ. ಒಂದು ಕೆಲಸಕ್ಕೆ 5 ಲಕ್ಷ ರೂಪಾಯಿವರೆಗಿನ ಸಲಹೆಗಳನ್ನು ಕ್ಷೇತ್ರೀಯ ಕಾರ್ಯಾಲಯದಲ್ಲಿ ಕೊಡಬಹುದು. ಫುಟ್‌ಪಾತ್ ದುರಸ್ತಿ, ಬೀದಿದೀಪ, ಬಸ್ ಸ್ಟಾಪ್, ದಾಟುಪಟ್ಟೆ ಈ ಮಿತಿಯೊಳಗೇ ಬರುತ್ತವೆ. ಗಣೇಶನಗರದಿಂದ ಹಡಪ್ಸರದವರೆಗೆ ಹಬ್ಬ, ರಾಜ್ಯೋತ್ಸವಕ್ಕೆ ಸೇರುವ ನಮ್ಮ ಸಂಘಗಳ ಸಭೆಯಲ್ಲಿ ಆ ಅರ್ಜಿಗಳನ್ನು ತುಂಬಬಹುದು. ಸಂಘದ ಮುಂದಿನ ಚೌಕಕ್ಕೆ ಒಂದು, ಮಜೂರ್ ಅಡ್ಡಾದ ಮುಂದಿನ ದಾಟುಪಟ್ಟೆಗೆ ಒಂದು. ಅಡ್ಡಾದವರಿಂದ ಹೆಬ್ಬೆಟ್ಟು, ಸಹಿ ಪಡೆಯಲು ಬೆಳಿಗ್ಗೆ ಅವರು ಟೆಂಪೋ ಹತ್ತುವ ಮೊದಲೇ ಹೋಗಬೇಕು. ಅರ್ಜಿಯಲ್ಲಿ ಸ್ಥಳದ ಫೋಟೋ, ದಾಟಬೇಕಾದ ಅಗಲ, ಹತ್ತಿರದ ಶಾಲೆ ಅಥವಾ ಬಸ್ ಸ್ಟಾಪಿನ ಹೆಸರು, ಅಲ್ಲಿ ಅಪಘಾತ ಆಗಿದ್ದರೆ ತಾರೀಖು ಇರಲಿ. ಆ ರಸ್ತೆಯ ಡಿಎಲ್‌ಪಿ ಯಾವಾಗ ಮುಗಿಯುತ್ತದೆ, ಗುತ್ತಿಗೆದಾರ ಯಾರು, ಕಳೆದ ವರ್ಷ ಅಲ್ಲಿ ಅಗೆಯಲು ಯಾರಿಗೆಲ್ಲ ಅನುಮತಿ ಕೊಟ್ಟಿದ್ದಾರೆ ಎಂಬ ಮೂರು ಪ್ರಶ್ನೆಗಳನ್ನು ಮಾಹಿತಿ ಹಕ್ಕಿನಡಿ ಪಥ ವಿಭಾಗಕ್ಕೆ ಪ್ರತ್ಯೇಕವಾಗಿ ಕಳಿಸಬೇಕು. ಮರಾಠಿಯಲ್ಲಿ ಬರೆದರೆ ಕಡತ ಬೇಗ ಸಾಗುತ್ತದೆ. ಬರೆದುಕೊಡಬಲ್ಲವರು ಪ್ರತಿ ಸಂಘದಲ್ಲೂ ಇದ್ದಾರೆ.